ಹೆಪ್ಪುಗಟ್ಟದ ಹಾಲು: ಔಷಧ ಅಂಗಡಿಯವನೊಬ್ಬನಿಂದ ಮಂಡ್ಯ ಜಿಲ್ಲಾಡಳಿತಕ್ಕೆ ಬಹಿರಂಗ ಪತ್ರ

ಮಾನ್ಯ ಜಿಲ್ಲಾಧಿಕಾರಿಗಳಿಗೆ ಹಾಗೂ ಜಿಲ್ಲಾ ಆರೋಗ್ಯ ಮತ್ತು ಕುಟುಂಬ ಕಲ್ಯಾಣಾಧಿಕಾರಿಗಳಿಗೆ,
ಮಂಡ್ಯ.

ವಿಷಯ: ವೈದ್ಯರ ಚೀಟಿಯಿಲ್ಲದೆ ಚಿಕ್ಕ ಮಕ್ಕಳಿಗೆ ಆಂಟಿಬಯೋಟಿಕ್ ಮಾರಾಟವಾಗುತ್ತಿರುವುದು ಮತ್ತು ಅದರಿಂದ ಮಕ್ಕಳ ಕರುಳಿನ ಸೂಕ್ಷ್ಮಜೀವಿಗಳಿಗೆ ಆಗುತ್ತಿರುವ ಹಾನಿಯ ಬಗ್ಗೆ.

ಮಾನ್ಯರೇ,

ನಾನು ಮದ್ದೂರು ತಾಲ್ಲೂಕಿನ ಒಂದು ಹೋಬಳಿ ಕೇಂದ್ರದಲ್ಲಿ 26 ವರ್ಷಗಳಿಂದ ಔಷಧ ಅಂಗಡಿ ನಡೆಸುತ್ತಿರುವ ನೋಂದಾಯಿತ ಫಾರ್ಮಸಿಸ್ಟ್. ಇದು ಯಾರ ಮೇಲೋ ಹೊರಿಸುವ ದೂರಿನ ಅರ್ಜಿಯಲ್ಲ. ಇಲ್ಲಿ ಹೇಳುವ ತಪ್ಪುಗಳಲ್ಲಿ ನನ್ನ ಪಾಲೂ ಇದೆ, ಅದನ್ನು ಮೊದಲೇ ಒಪ್ಪಿಕೊಂಡು ಬರೆಯುತ್ತಿದ್ದೇನೆ. ಕಚೇರಿಗೆ ಕೊಟ್ಟು ಸ್ವೀಕೃತಿ ಪಡೆದು ಸುಮ್ಮನಾಗದೆ ಬಹಿರಂಗವಾಗಿ ಬರೆಯಲು ಕಾರಣ, ಇದನ್ನು ನಮ್ಮ ಜಿಲ್ಲೆಯ ತಾಯಂದಿರೂ ಅಂಗಡಿಯವರೂ ವೈದ್ಯರೂ ತಮ್ಮ ಜೊತೆಗೇ ಓದಬೇಕೆಂಬ ಆಸೆ.

ಕೆಲವು ವರ್ಷಗಳ ಹಿಂದೆ ನಮ್ಮ ಮನೆಯ ಹಸುವಿಗೆ ಕೆಚ್ಚಲು ಬಾವು ಬಂದಿತ್ತು. ಪಶುವೈದ್ಯರು ಕೆಚ್ಚಲಿಗೆ ಔಷಧಿಯ ಟ್ಯೂಬು ಏರಿಸಿ, ಕೆಲವು ದಿನ ಹಾಲನ್ನು ಡೈರಿಗೂ ಹಾಕಬೇಡಿ, ಮನೆಯವರೂ ಬಳಸಬೇಡಿ ಎಂದು ಹೇಳಿ ಹೋಗಿದ್ದರು. ಮೂರನೆಯ ದಿನ ಬಾವು ಇಳಿದು ಹಾಲು ತಿಳಿಯಾಗಿ ಕಂಡಿದ್ದರಿಂದ, ಚೆಲ್ಲಲು ಮನಸ್ಸು ಬಾರದೆ ನನ್ನ ಹೆಂಡತಿ ಒಂದು ಪಾತ್ರೆ ಕಾಯಿಸಿ, ಎಂದಿನಂತೆ ಉಗುರುಬೆಚ್ಚಗಾದ ಮೇಲೆ ಒಂದು ಚಮಚ ಹೆಪ್ಪು ಹಾಕಿ ಮುಚ್ಚಿಟ್ಟಳು. ಬೆಳಗ್ಗೆ ನೋಡಿದರೆ ಅದು ಹಾಲಾಗಿಯೇ ಇತ್ತು. ಹೆಪ್ಪಿನ ಚೂರುಗಳು ತಳದಲ್ಲಿ ಹಾಗೆಯೇ ಕುಳಿತಿದ್ದವು. ಇನ್ನೊಂದು ಹಗಲು ಬಿಟ್ಟರೂ ಮೊಸರಾಗಲಿಲ್ಲ. ಕೊನೆಗೆ ಅದು ಮೊಸರಿನ ಹುಳಿಯಲ್ಲದ ಬೇರೆಯದೇ ಒಂದು ಕೆಟ್ಟ ವಾಸನೆ ಹಿಡಿದು ಲೋಳೆಯಾಯಿತು.

ಹಸು ಸಾಕಿದವರಿಗೆಲ್ಲ ಇದು ಗೊತ್ತಿರುವ ಸಂಗತಿ. ಹಾಲನ್ನು ಮೊಸರು ಮಾಡುವುದು ಹೆಪ್ಪಿನಲ್ಲಿರುವ ಬ್ಯಾಕ್ಟೀರಿಯಾ. ಹಾಲಿನಲ್ಲಿ ಉಳಿದಿದ್ದ ಆಂಟಿಬಯೋಟಿಕ್ ಅವುಗಳನ್ನು ಬೆಳೆಯಗೊಡಲಿಲ್ಲ, ಆ ಔಷಧಿಗೆ ಬಗ್ಗದ ಯಾವುದೋ ಜೀವಿಗಳು ತೆರವಾದ ಜಾಗ ಹಿಡಿದವು. ಆ ದಿನ ಬೆಳಗ್ಗೆ ನಾನು ಪಾತ್ರೆಯ ಮುಂದೆ ಬಹಳ ಹೊತ್ತು ನಿಂತಿದ್ದೆ. ಏಕೆಂದರೆ ಹಿಂದಿನ ಸಂಜೆ ನಾನು ಅಂಗಡಿಯಲ್ಲಿ ಚೀಟಿಯಿಲ್ಲದೆ ಮೂರು ಮಕ್ಕಳಿಗೆ ಆಂಟಿಬಯೋಟಿಕ್ ಸಿರಪ್ ಕೊಟ್ಟು ಕಳಿಸಿದ್ದೆ. ಹಸುವಿನ ವಿಷಯದಲ್ಲಿ ಹಾಲು ಬಳಸಬೇಡಿ ಎಂಬ ಎಚ್ಚರಿಕೆಯಾದರೂ ಇತ್ತು. ಆ ಮೂರು ಮಕ್ಕಳ ಹೊಟ್ಟೆಯೊಳಗಿನ ಹೆಪ್ಪಿಗೆ ಏನಾಗುತ್ತದೆಂದು ನಾನು ಹೇಳಿರಲಿಲ್ಲ, ಯಾರೂ ಕೇಳಿರಲಿಲ್ಲ.

ಹೊಟ್ಟೆಯೊಳಗಿನ ಹೆಪ್ಪು ಎಂಬುದು ಬರೀ ಮಾತಿನ ಅಲಂಕಾರವಲ್ಲ. ಇಸ್ರೇಲಿನ ವೈಜ್‌ಮನ್ ಸಂಸ್ಥೆಯ ವಿಜ್ಞಾನಿಗಳು 2016ರಲ್ಲಿ ಪ್ರಕಟಿಸಿದ ಲೆಕ್ಕದ ಪ್ರಕಾರ, ಸಾಧಾರಣ ಮೈಕಟ್ಟಿನ ವಯಸ್ಕನೊಬ್ಬನ ದೇಹದಲ್ಲಿ ಸುಮಾರು 30 ಲಕ್ಷ ಕೋಟಿ ಮಾನವ ಜೀವಕೋಶಗಳಿದ್ದರೆ, ಬ್ಯಾಕ್ಟೀರಿಯಾಗಳು ಸುಮಾರು 38 ಲಕ್ಷ ಕೋಟಿ. ನಮ್ಮ ಜೀವಕೋಶಗಳಿಗಿಂತ ಅವು ಹತ್ತು ಪಟ್ಟು ಹೆಚ್ಚು ಎಂಬ ಹಳೆಯ ಮಾತು ಈಗಲೂ ಅಲ್ಲಲ್ಲಿ ಅಚ್ಚಾಗುತ್ತಿರುತ್ತದೆ, ಅದು ಸರಿಯಲ್ಲ. ಅಷ್ಟೂ ಸೇರಿ ತೂಗಿದರೆ ಸುಮಾರು 200 ಗ್ರಾಂ. ಅವುಗಳಲ್ಲಿ ಬಹುಪಾಲು ಇರುವುದು ದೊಡ್ಡ ಕರುಳಿನಲ್ಲಿ. ಯುರೋಪಿನ ವಿಜ್ಞಾನಿಗಳ ತಂಡವೊಂದು 124 ಜನರ ಮಲವನ್ನು ಪರೀಕ್ಷಿಸಿ 2010ರಲ್ಲಿ ಪಟ್ಟಿ ಮಾಡಿದ ಕರುಳಿನ ಸೂಕ್ಷ್ಮಜೀವಿಗಳ ಜೀನ್‌ಗಳ ಸಂಖ್ಯೆ 33 ಲಕ್ಷ. ಅದು ಮನುಷ್ಯನ ಸ್ವಂತ ಜೀನ್‌ಗಳ ಸುಮಾರು 150 ಪಟ್ಟು. ನಮ್ಮ ದೇಹಕ್ಕೆ ಬಾರದ ಎಷ್ಟೋ ಕೆಲಸಗಳು ಈ ಜೀವಿಗಳಿಗೆ ಬರುತ್ತವೆ ಎಂಬುದು ಇದರ ಅರ್ಥ.

ಅವುಗಳ ಕೆಲಸದ ಒಂದು ಉದಾಹರಣೆ ಸಾಕು. ಮುದ್ದೆ, ಸೊಪ್ಪು, ಕಾಳುಗಳಲ್ಲಿರುವ ನಾರನ್ನು ಅರಗಿಸುವ ಶಕ್ತಿ ನಮ್ಮ ಜಠರಕ್ಕಾಗಲಿ ಸಣ್ಣ ಕರುಳಿಗಾಗಲಿ ಇಲ್ಲ. ಅದು ಹಾಗೆಯೇ ದೊಡ್ಡ ಕರುಳಿಗೆ ಇಳಿದಾಗ ಅಲ್ಲಿನ ಬ್ಯಾಕ್ಟೀರಿಯಾಗಳು ಅದನ್ನು ಹುದುಗಿಸಿ ಬ್ಯುಟಿರೇಟ್ ಮುಂತಾದ ಸಣ್ಣ ಆಮ್ಲಗಳನ್ನು ತಯಾರಿಸುತ್ತವೆ. ದೊಡ್ಡ ಕರುಳಿನ ಒಳಪದರದ ಜೀವಕೋಶಗಳಿಗೆ ಮುಖ್ಯ ಇಂಧನ ಬ್ಯುಟಿರೇಟೇ. ಒಳಪದರದ ಕೋಶಗಳು ಒಂದಕ್ಕೊಂದು ಬಿಗಿಯಾಗಿ ಅಂಟಿಕೊಂಡಿರಲು ಮತ್ತು ದೇಹದ ರೋಗನಿರೋಧಕ ಕಣಗಳು ಸಣ್ಣದಕ್ಕೂ ಕೆರಳದೆ ಹದದಲ್ಲಿರಲು ಅದು ಬೇಕು. ನನ್ನ ವೃತ್ತಿಯವರಿಗೆ ಪರಿಚಿತವಾದ ಇನ್ನೊಂದು ಸಂಗತಿಯನ್ನೂ ಇಲ್ಲಿ ಹೇಳುತ್ತೇನೆ. ಹೃದಯದ ತೊಂದರೆಗೆ ಕೊಡುವ ಡಿಗಾಕ್ಸಿನ್ ಮಾತ್ರೆ ಕೆಲವರಿಗೆ ಹೇಳಿದಷ್ಟು ಡೋಸಿನಲ್ಲಿ ನಾಟುವುದಿಲ್ಲ, ಏಕೆಂದರೆ ಅವರ ಕರುಳಿನಲ್ಲಿರುವ ಎಗರ್ಥೆಲ್ಲಾ ಲೆಂಟಾ ಎಂಬ ಬ್ಯಾಕ್ಟೀರಿಯಾ ಅದನ್ನು ನಿಷ್ಕ್ರಿಯಗೊಳಿಸುತ್ತದೆ. ಅಂಥವರಿಗೆ ಆಂಟಿಬಯೋಟಿಕ್ ಕೊಟ್ಟರೆ ರಕ್ತದಲ್ಲಿ ಡಿಗಾಕ್ಸಿನ್ ಮಟ್ಟ ಏರುತ್ತದೆಂದು 1981ರಷ್ಟು ಹಿಂದೆಯೇ ತೋರಿಸಲಾಗಿತ್ತು. ಡಿ.ಫಾರ್ಮ ಓದುವಾಗ ನಾವು ಡಿಗಾಕ್ಸಿನ್‌ನ ಅಡ್ಡಪರಿಣಾಮಗಳನ್ನೆಲ್ಲ ಬಾಯಿಪಾಠ ಮಾಡಿದ್ದೆವು, ಈ ಒಂದು ಮಾತನ್ನು ಬಿಟ್ಟು.

ಆದರೆ ನಾನು ತಮ್ಮ ಗಮನಕ್ಕೆ ತರಬೇಕಾದದ್ದು ಆ ಜೀವಿಗಳ ಇನ್ನೊಂದು ಕೆಲಸ, ಕಾವಲಿನದು. ಕರುಳಿನಲ್ಲಿ ಜಾಗವನ್ನೂ ಆಹಾರವನ್ನೂ ಹಿಡಿದುಕೊಂಡು ಕುಳಿತಿರುವ ಈ ಜೀವಿಗಳು ಹೊರಗಿನಿಂದ ಬರುವ ರೋಗಾಣುಗಳಿಗೆ ನೆಲೆ ಸಿಗದಂತೆ ನೋಡಿಕೊಳ್ಳುತ್ತವೆ. ಅಮೆರಿಕದಲ್ಲಿ 1954ರಲ್ಲಿ ಪ್ರಕಟವಾದ ಪ್ರಯೋಗವೊಂದರಲ್ಲಿ, ಇಲಿಗಳಿಗೆ ಸಾಲ್ಮೊನೆಲ್ಲಾ ಸೋಂಕು ತಗಲಬೇಕಾದರೆ ಸಾಮಾನ್ಯವಾಗಿ ಸುಮಾರು 1,00,000 ರೋಗಾಣುಗಳು ಬೇಕಾಗುತ್ತಿದ್ದವು. ಅಂಥವೇ ಇಲಿಗಳಿಗೆ ಮೊದಲು ಸ್ಟ್ರೆಪ್ಟೊಮೈಸಿನ್ ಎಂಬ ಆಂಟಿಬಯೋಟಿಕ್ ಕೊಟ್ಟಾಗ 10ಕ್ಕಿಂತ ಕಡಿಮೆ ರೋಗಾಣುಗಳೇ ಸಾಕಾದವು. ಕೊಟ್ಟ ಔಷಧಿ ಕಾವಲುಗಾರರನ್ನು ಮನೆಗೆ ಕಳಿಸಿ ಬಾಗಿಲು ತೆರೆದಿಟ್ಟಿತ್ತು. ಎಪ್ಪತ್ತು ವರ್ಷಗಳ ಹಿಂದಿನ ಈ ಮಾತು ಇಂದಿಗೂ ನಮ್ಮ ಅಂಗಡಿಗಳ ಕೌಂಟರಿಗೆ ಬಂದು ತಲುಪಿಲ್ಲ.

ಈಗ ನನ್ನ ತಪ್ಪಿಗೆ ಬರುತ್ತೇನೆ. ಹತ್ತಿರದ ಹಳ್ಳಿಯೊಂದರ ಅಜ್ಜಿ, ಕಬ್ಬಿನ ಗದ್ದೆಯ ಕೂಲಿಗೆ ಹೋಗುವವರು, ಹದಿನಾಲ್ಕು ತಿಂಗಳ ಮೊಮ್ಮಗಳನ್ನು ಕಂಕುಳಲ್ಲಿ ಎತ್ತಿಕೊಂಡು ಕತ್ತಲಾಗುವ ಹೊತ್ತಿಗೆ ಅಂಗಡಿಗೆ ಬಂದಿದ್ದರು. ಮಗುವಿಗೆ ನೆಗಡಿ, ಕೆಮ್ಮು, ಸ್ವಲ್ಪ ಮೈ ಬೆಚ್ಚಗಿತ್ತು. ಚೀಟಿ ಇರಲಿಲ್ಲ. ನಾನು ಅಜಿತ್ರೋಮೈಸಿನ್ ಸಿರಪ್ ಕೊಟ್ಟೆ. ನಾಲ್ಕೈದು ದಿನ ಕಳೆದು ಮತ್ತೆ ಬಂದರು, ಮಗುವಿಗೆ ಭೇದಿ ಶುರುವಾಗಿತ್ತು. ಆಂಟಿಬಯೋಟಿಕ್ ಕೊಟ್ಟ ಮೇಲೆ ಮಕ್ಕಳಿಗೆ ಭೇದಿಯಾಗುವುದು ತೀರ ಸಾಮಾನ್ಯ, ಅದು ನನಗೆ ಗೊತ್ತಿರಬೇಕಿತ್ತು. ಓಆರ್‌ಎಸ್ ಕೊಟ್ಟು, ಜಿಂಕ್ ಕೊಟ್ಟು, ಆಸ್ಪತ್ರೆಗೆ ತೋರಿಸಿ ಎನ್ನಬೇಕಿತ್ತು. ನಾನು ಓಫ್ಲಾಕ್ಸಾಸಿನ್ ಮತ್ತು ಆರ್ನಿಡಜೋಲ್ ಎಂಬ ಇನ್ನೆರಡು ಆಂಟಿಬಯೋಟಿಕ್ ಕೂಡಿಸಿದ ಸಿರಪ್ ಕೊಟ್ಟೆ. ತಿಂಗಳ ಮೇಲೆ ಮತ್ತೆ ಕೆಮ್ಮು, ಆಗ ಅಜ್ಜಿಯೇ ಹೇಳಿದರು: “ಅಣ್ಣ, ಹೋದ್ಸಲ ಕೊಟ್ರಲ್ಲ, ಅದೇ ಪವರಿಂದು ಕೊಡಿ. ಕೂಲಿ ಬುಟ್ಟು ಮಂಡ್ಯಕ್ಕೋಗಿ ಕ್ಯೂ ನಿಂತ್ಕಳಕಾಯ್ತದಾ?” ಕೊಟ್ಟೆ. ನಾಲ್ಕು ತಿಂಗಳಲ್ಲಿ ಆ ಮಗುವಿಗೆ ನಾನು ಒಬ್ಬನೇ ನಾಲ್ಕು ಸಲ ಆಂಟಿಬಯೋಟಿಕ್ ಕೊಟ್ಟಿದ್ದೆ. ಐದನೆಯ ಸಲ ಭೇದಿ ನಿಲ್ಲದೆ ಮಗುವಿನ ಕಣ್ಣು ಒಳಸೇರಿ, ಆಸ್ಪತ್ರೆಗೆ ಸೇರಿಸಬೇಕಾಯಿತು. ಅಲ್ಲಿನ ಯುವ ವೈದ್ಯೆಯೊಬ್ಬರು ಖಾಲಿ ಬಾಟಲಿಗಳನ್ನು ಮೇಜಿನ ಮೇಲೆ ಸಾಲಾಗಿ ಇಡಿಸಿ, ಇಷ್ಟನ್ನೂ ಬರೆದುಕೊಟ್ಟವರು ಯಾರು ಎಂದು ಕೇಳಿದರಂತೆ. ಯಾರೂ ಬರೆದುಕೊಟ್ಟಿರಲಿಲ್ಲ. ಮಗು ಚೇತರಿಸಿಕೊಂಡಿತು, ಆದರೆ ಬಹಳ ದಿನ ಮೈ ಹತ್ತಲಿಲ್ಲ. ಎಲ್ಲವೂ ಆ ಸಿರಪ್‌ಗಳಿಂದಲೇ ಆಯಿತೆಂದು ನಾನು ಸಾಧಿಸಲಾರೆ. ಆದರೆ ಆ ನೆಗಡಿಗೂ ಆ ಮೊದಲ ಕೆಮ್ಮಿಗೂ ಆಂಟಿಬಯೋಟಿಕ್ ಬೇಕಿರಲಿಲ್ಲ ಎಂಬುದನ್ನು ಇಂದು ಖಚಿತವಾಗಿ ಬಲ್ಲೆ. ನೆಗಡಿ ವೈರಸ್‌ನಿಂದ ಬರುವುದು, ವೈರಸ್‌ಗೆ ಈ ಔಷಧಿಗಳು ಏನೂ ಮಾಡಲಾರವು. ಅವು ಕೊಂದದ್ದು ಮಗುವಿನ ಕರುಳಿನಲ್ಲಿ ಆಗಷ್ಟೇ ನೆಲೆಯೂರುತ್ತಿದ್ದ ಜೀವಿಗಳನ್ನು.

ಆಗಷ್ಟೇ ನೆಲೆಯೂರುತ್ತಿದ್ದ ಎಂಬ ಮಾತಿನ ಮೇಲೆ ನಾನು ಒತ್ತು ಕೊಡುತ್ತೇನೆ. ಮಗುವಿಗೆ ಈ ಜೀವಿಗಳು ಸಿಗುವುದು ಹುಟ್ಟುವ ಹೊತ್ತಿಗೆ ಮತ್ತು ಹುಟ್ಟಿದ ಮೇಲೆ, ಬಹುಪಾಲು ತಾಯಿಯಿಂದಲೇ. ಸುಮಾರು ಮೂರು ವರ್ಷ ತುಂಬುವವರೆಗೂ ಅವುಗಳ ಸಮುದಾಯ ದೊಡ್ಡವರಲ್ಲಿರುವ ಸ್ವರೂಪಕ್ಕೆ ಬರುವುದಿಲ್ಲ. ಎದೆಹಾಲಿನಲ್ಲಿ ಸುಮಾರು 200 ಬಗೆಯ ವಿಶೇಷ ಸಕ್ಕರೆಗಳಿವೆ. ಮಗುವಿಗೆ ಅವನ್ನು ಅರಗಿಸಿಕೊಳ್ಳಲು ಬರುವುದಿಲ್ಲ. ಹಾಗಾದರೆ ತಾಯಿಯ ದೇಹ ಇಷ್ಟು ಶ್ರಮಪಟ್ಟು ಅವನ್ನು ತಯಾರಿಸುವುದಾದರೂ ಏಕೆ ಎಂಬ ಪ್ರಶ್ನೆಗೆ ವಿಜ್ಞಾನಿಗಳಿಗೆ ಸಿಕ್ಕ ಉತ್ತರ, ಅವು ಮಗುವಿನ ಕರುಳಿನ ಬೈಫಿಡೋಬ್ಯಾಕ್ಟೀರಿಯಾಗಳಿಗೆ ಉಣಿಸುವ ಊಟ ಎಂಬುದು. ತಾಯಿ ಒಂದೇ ಎದೆಯಲ್ಲಿ ಮಗುವಿಗೂ ಮಗುವಿನ ಕಾವಲಿನವರಿಗೂ ಉಣಿಸುತ್ತಾಳೆ. ನಮ್ಮ ಕಡೆಯ ಕೆಲವು ಮನೆಗಳಲ್ಲಿ ಇನ್ನೂ ಮೊದಲ ಹಳದಿ ಹಾಲನ್ನು ಹಿಂಡಿ ಚೆಲ್ಲಿ, ಕೂಸಿನ ಬಾಯಿಗೆ ಜೇನುತುಪ್ಪವನ್ನೋ ಸಕ್ಕರೆ ನೀರನ್ನೋ ಇಡುವ ರೂಢಿಯಿದೆ. ಒಂದು ವರ್ಷದೊಳಗಿನ ಮಗುವಿಗೆ ಜೇನುತುಪ್ಪ ಬೇಡ ಎಂದು ವೈದ್ಯರು ಹೇಳುವುದಕ್ಕೆ ಕಾರಣವೂ ಇದೇ ಕರುಳಿನ ವಿಷಯ: ಜೇನಿನಲ್ಲಿ ಕೆಲವೊಮ್ಮೆ ಇರುವ ಬಾಟ್ಯುಲಿಸಮ್ ರೋಗಾಣುವಿನ ಬೀಜಕಗಳನ್ನು ದೊಡ್ಡವರ ಕರುಳಿನ ಬ್ಯಾಕ್ಟೀರಿಯಾಗಳು ಮೊಳೆಯಲು ಬಿಡುವುದಿಲ್ಲ, ಕೂಸಿನ ಕರುಳಿನಲ್ಲಿ ಆ ಬಲ ಇನ್ನೂ ಬಂದಿರುವುದಿಲ್ಲ.

ಇಂಥ ಎಳೆಯ ಸಮುದಾಯದ ಮೇಲೆ ಮತ್ತೆ ಮತ್ತೆ ಔಷಧಿ ಸುರಿದರೆ ಏನಾಗುತ್ತದೆ ಎಂಬುದಕ್ಕೆ ಪುರಾವೆ ಕೂಡುತ್ತಲೇ ಇದೆ. ಫಿನ್ಲೆಂಡಿನಲ್ಲಿ 2ರಿಂದ 7 ವರ್ಷದ 142 ಮಕ್ಕಳನ್ನು ಪರೀಕ್ಷಿಸಿದ 2016ರ ಅಧ್ಯಯನದಲ್ಲಿ, ಅಜಿತ್ರೋಮೈಸಿನ್ ಸೇರಿದ ಮ್ಯಾಕ್ರೊಲೈಡ್ ವರ್ಗದ ಔಷಧಿ ಪಡೆದಿದ್ದ ಮಕ್ಕಳ ಕರುಳಿನ ಜೀವಿಗಳ ಸ್ವರೂಪ ಬಹಳ ಕಾಲ ಕೆಟ್ಟೇ ಇತ್ತು, ಅಂಥವರಲ್ಲಿ ಅಸ್ತಮಾ ಮತ್ತು ಅತಿತೂಕವೂ ಹೆಚ್ಚಾಗಿ ಕಂಡವು. ಒಂದರ ಜೊತೆ ಇನ್ನೊಂದು ಕಂಡಮಾತ್ರಕ್ಕೆ ಒಂದೇ ಇನ್ನೊಂದಕ್ಕೆ ಕಾರಣವಾಗಬೇಕಿಲ್ಲ ಎಂಬುದನ್ನು ನಾನು ಬಲ್ಲೆ. ಹಾಗಿದ್ದರೂ, ಕೆನಡಾದ ಬ್ರಿಟಿಷ್ ಕೊಲಂಬಿಯಾ ಪ್ರಾಂತ್ಯದ ಅನುಭವವನ್ನು ಜಿಲ್ಲೆ ಆಳುವವರು ಓದಲೇಬೇಕು. ಅಲ್ಲಿ ಸಾರ್ವಜನಿಕರಿಗೂ ವೈದ್ಯರಿಗೂ ತಿಳಿವಳಿಕೆ ಕೊಡುತ್ತ ಬಂದ ಮೇಲೆ, ಒಂದು ವರ್ಷದೊಳಗಿನ 1,000 ಶಿಶುಗಳಿಗೆ 2000ರಲ್ಲಿ ಸುಮಾರು 1,254 ಆಂಟಿಬಯೋಟಿಕ್ ಚೀಟಿಗಳು ಬರೆಯಲ್ಪಡುತ್ತಿದ್ದದ್ದು 2014ಕ್ಕೆ ಸುಮಾರು 489ಕ್ಕೆ ಇಳಿಯಿತು. ಅದೇ ಅವಧಿಯಲ್ಲಿ 1ರಿಂದ 4 ವರ್ಷದ 1,000 ಮಕ್ಕಳಲ್ಲಿ ಹೊಸದಾಗಿ ಅಸ್ತಮಾ ಪತ್ತೆಯಾಗುವುದು 27.3ರಿಂದ 20.2ಕ್ಕೆ ಇಳಿಯಿತು. ಮಕ್ಕಳ ಮಲವನ್ನು ಪರೀಕ್ಷಿಸಿದಾಗ, ಈ ಎರಡರ ನಡುವಿನ ಕೊಂಡಿ ಕರುಳಿನ ಜೀವಿಗಳೇ ಎಂಬ ಕಡೆಗೆ ಸಂಶೋಧಕರಿಗೆ ಸುಳಿವು ಸಿಕ್ಕಿತು.

ದೊಡ್ಡವರಲ್ಲಿಯೂ ಈ ಹಾನಿ ಬೇಗ ಮಾಯುವುದಿಲ್ಲ. ಡೆನ್ಮಾರ್ಕಿನಲ್ಲಿ 12 ಜನ ಆರೋಗ್ಯವಂತ ಗಂಡಸರಿಗೆ ಬರೀ ನಾಲ್ಕು ದಿನ ಮೂರು ಬಗೆಯ ಪ್ರಬಲ ಆಂಟಿಬಯೋಟಿಕ್ ಕೊಟ್ಟು ನೋಡಿದ 2018ರ ಅಧ್ಯಯನದಲ್ಲಿ, ಒಂದೂವರೆ ತಿಂಗಳಲ್ಲಿ ಕರುಳಿನ ಸಮುದಾಯ ಹೆಚ್ಚುಕಡಿಮೆ ಮೊದಲಿನ ಸ್ಥಿತಿಗೆ ಮರಳಿತಾದರೂ, ಮೊದಲು ಎಲ್ಲರಲ್ಲೂ ಇದ್ದ ಒಂಬತ್ತು ಜಾತಿಯ ಬ್ಯಾಕ್ಟೀರಿಯಾಗಳು 180 ದಿನಗಳ ಬಳಿಕವೂ ಬಹುತೇಕರಲ್ಲಿ ಪತ್ತೆಯಾಗಲಿಲ್ಲ. ಕರುಳು ಹೀಗೆ ಬರಿದಾದಾಗ ಕ್ಲಾಸ್ಟ್ರಿಡಿಯಮ್ ಡಿಫಿಸಿಲ್ ಎಂಬ ರೋಗಾಣು ಹಬ್ಬಿ ಪ್ರಾಣಕ್ಕೆ ಎರವಾಗುವಂಥ ಭೇದಿ ತರುವುದುಂಟು. ನೆದರ್‌ಲೆಂಡ್ಸ್‌ನ ವೈದ್ಯರು ಅಂಥ ರೋಗಿಗಳಿಗೆ ಆರೋಗ್ಯವಂತರ ಮಲದ ದ್ರಾವಣವನ್ನು ನಳಿಕೆಯ ಮೂಲಕ ಕರುಳಿಗೆ ಸೇರಿಸಿದಾಗ, 16 ಜನರಲ್ಲಿ 13 ಜನ ಮೊದಲ ಸಲಕ್ಕೇ ಗುಣಮುಖರಾದರು. ವ್ಯಾಂಕೊಮೈಸಿನ್ ಎಂಬ ಆಂಟಿಬಯೋಟಿಕ್ ಮಾತ್ರ ಪಡೆದವರಲ್ಲಿ ಗುಣವಾದದ್ದು ಶೇ 31. ಫಲಿತಾಂಶದ ಅಂತರ ಇಷ್ಟು ಸ್ಪಷ್ಟವಾಗಿದ್ದರಿಂದ ಪ್ರಯೋಗವನ್ನು ನಡುವೆಯೇ ನಿಲ್ಲಿಸಲಾಯಿತು, 2013ರಲ್ಲಿ ಅದು ಪ್ರಕಟವಾಯಿತು. ಕೇಳಲು ಅಸಹ್ಯವೆನಿಸಬಹುದು. ನನಗೆ ಮಾತ್ರ ಅದು, ಹೆಪ್ಪು ಕೆಟ್ಟುಹೋದ ಮನೆಯವರು ಪಕ್ಕದ ಮನೆಗೆ ಲೋಟ ಹಿಡಿದು ಹೋಗುವಂತೆ ಕಾಣುತ್ತದೆ.

ಮಾನ್ಯರೇ, ಆಂಟಿಬಯೋಟಿಕ್ ಕೆಟ್ಟದ್ದೆಂದು ನಾನು ಹೇಳುತ್ತಿಲ್ಲ, ಯಾರೂ ಹಾಗೆ ತಿಳಿಯಬಾರದು. ನ್ಯುಮೋನಿಯಾ, ಟೈಫಾಯ್ಡ್, ನವಜಾತ ಶಿಶುವಿನ ರಕ್ತದ ನಂಜು, ಕ್ಷಯ ಇವುಗಳಲ್ಲಿ ಅದೇ ಜೀವ ಉಳಿಸುವುದು, ಅಲ್ಲಿ ಒಂದು ಡೋಸ್ ತಡವಾದರೂ ಅಪಾಯ. ನಾನು ಪ್ರಶ್ನಿಸುತ್ತಿರುವುದು ಬೇಡದ ಕಡೆ ಕೊಡುವುದನ್ನು. ಹೀಗೆ ಕೊಟ್ಟಾಗಲೆಲ್ಲ ಔಷಧಿಗೆ ಬಗ್ಗದ ಬ್ಯಾಕ್ಟೀರಿಯಾಗಳು ಕರುಳಿನಲ್ಲೇ ಬೆಳೆದು, ತಮ್ಮ ಆ ಗುಣವನ್ನು ಪಕ್ಕದ ಬ್ಯಾಕ್ಟೀರಿಯಾಗಳಿಗೂ ದಾಟಿಸುತ್ತವೆ. ಔಷಧಿಗೆ ಬಗ್ಗದ ಬ್ಯಾಕ್ಟೀರಿಯಾ ಸೋಂಕಿನಿಂದಲೇ 2019ರಲ್ಲಿ ಜಗತ್ತಿನಾದ್ಯಂತ ಸುಮಾರು 12.7 ಲಕ್ಷ ಜನ ಸತ್ತಿದ್ದಾರೆಂದು ಅಂದಾಜು. ನಾಳೆ ಆ ಮಗುವಿಗೆ ನಿಜವಾಗಿ ನ್ಯುಮೋನಿಯಾ ಬಂದಾಗ ಅಜಿತ್ರೋಮೈಸಿನ್ ಕೆಲಸ ಮಾಡದಿದ್ದರೆ, ಅದಕ್ಕೆ ಇಂದು ನೆಗಡಿಗೆ ಕೊಟ್ಟ ಬಾಟಲಿಯೂ ಒಂದು ಕಾರಣ.

ಕಾನೂನು ಇಲ್ಲವೆಂದೇನೂ ಅಲ್ಲ. ಆಂಟಿಬಯೋಟಿಕ್‌ಗಳು ಔಷಧ ನಿಯಮಗಳ ಎಚ್ ಅನುಸೂಚಿಯಲ್ಲಿವೆ, ಚೀಟಿಯಿಲ್ಲದೆ ಮಾರುವಂತಿಲ್ಲ. ಸೆಫಿಕ್ಸಿಮ್‌ನಂಥವು 2014ರ ಮಾರ್ಚ್ 1ರಿಂದ ಜಾರಿಗೆ ಬಂದ ಎಚ್1 ಅನುಸೂಚಿಯಲ್ಲಿವೆ. ಅವನ್ನು ಮಾರಿದಾಗಲೆಲ್ಲ ವೈದ್ಯರ ಹೆಸರು, ವಿಳಾಸ, ರೋಗಿಯ ಹೆಸರು, ಔಷಧಿಯ ಪ್ರಮಾಣವನ್ನು ಪ್ರತ್ಯೇಕ ರಿಜಿಸ್ಟರಿನಲ್ಲಿ ಬರೆದು ಮೂರು ವರ್ಷ ಕಾಪಾಡಬೇಕು. ಮಾತ್ರೆಯ ಪಟ್ಟಿಯ ಮೇಲೆ ಕೆಂಪು ಗೆರೆ ಇದ್ದರೆ ಚೀಟಿಯಿಲ್ಲದೆ ಕೊಳ್ಳಬೇಡಿ ಎಂಬ ಪ್ರಚಾರವನ್ನು ಕೇಂದ್ರ ಸರ್ಕಾರ 2016ರಲ್ಲೇ ಮಾಡಿತ್ತು. ಆದರೆ ಎಷ್ಟೋ ಅಂಗಡಿಗಳಲ್ಲಿ ಈ ರಿಜಿಸ್ಟರು ತಪಾಸಣೆಯ ಹಿಂದಿನ ರಾತ್ರಿ ಒಂದೇ ಪೆನ್ನಿನಲ್ಲಿ, ಒಂದೇ ಅಕ್ಷರದಲ್ಲಿ ತುಂಬುತ್ತದೆ. ಒಂದು ಕಾಲದಲ್ಲಿ ನನ್ನದೂ ಹಾಗೆಯೇ ತುಂಬುತ್ತಿತ್ತು.

ಹಾಗೆಂದು ನಾಳೆಯೇ ಅಂಗಡಿಗಳ ಮೇಲೆ ದಾಳಿ ಮಾಡಿಸಿ ಎಂದು ಕೇಳಲು ಈ ಪತ್ರ ಬರೆದಿಲ್ಲ. ಆ ಅಜ್ಜಿಯ ಮಾತನ್ನು ತಾವು ಮತ್ತೊಮ್ಮೆ ಓದಬೇಕು. ಅವರು ತಿಳಿವಳಿಕೆಯಿಲ್ಲದೆ ನನ್ನ ಅಂಗಡಿಗೆ ಬಂದವರಲ್ಲ, ಬೇರೆ ದಾರಿ ಇಲ್ಲದೆ ಬಂದವರು. ಕೂಲಿಯಿಂದ ಅವರು ಮನೆಗೆ ಮರಳುವ ಹೊತ್ತಿಗೆ ಪ್ರಾಥಮಿಕ ಆರೋಗ್ಯ ಕೇಂದ್ರದ ಹೊರರೋಗಿ ವಿಭಾಗ ಮುಚ್ಚಿರುತ್ತದೆ. ಮರುದಿನ ಹೋದರೆ ಒಂದು ದಿನದ ಕೂಲಿ ಹೋಗುತ್ತದೆ. ರಾತ್ರಿ ಒಂಬತ್ತರವರೆಗೆ ದೀಪ ಉರಿಯುತ್ತಿರುವುದು ನನ್ನ ಅಂಗಡಿಯಲ್ಲಿ ಮತ್ತು ಪದವಿಯಿಲ್ಲದೆ ಸೂಜಿ ಚುಚ್ಚುವವರ ಕೋಣೆಯಲ್ಲಿ. ಆದ್ದರಿಂದ ನನ್ನ ಮೊದಲ ಬೇಡಿಕೆ ದಂಡದ್ದಲ್ಲ, ಹೊತ್ತಿನದು: ಪ್ರತಿ ಹೋಬಳಿ ಕೇಂದ್ರದಲ್ಲಿ ವಾರದಲ್ಲಿ ಕೆಲವು ದಿನವಾದರೂ ಸಂಜೆ ಆರರಿಂದ ಎಂಟರವರೆಗೆ ವೈದ್ಯರೊಬ್ಬರು ಮಕ್ಕಳನ್ನು ನೋಡುವ ಏರ್ಪಾಡು ಮಾಡಿಸಿ. ಮಗುವಿನ ಉಸಿರಿನ ವೇಗ ಎಣಿಸಿ, ಎದೆಗೆ ಸ್ಟೆತಸ್ಕೋಪ್ ಇಟ್ಟು, ಇದು ಬರೀ ನೆಗಡಿ, ಐದಾರು ದಿನದಲ್ಲಿ ಇಳಿಯುತ್ತದೆ ಎಂದು ಹೇಳುವ ಅಧಿಕಾರವುಳ್ಳ ಒಂದು ದನಿ ಆ ಹೊತ್ತಿನಲ್ಲಿ ಸಿಕ್ಕರೆ ಅರ್ಧ ಬಾಟಲಿಗಳು ನನ್ನ ಕಪಾಟಿನಿಂದ ಇಳಿಯುವುದೇ ಇಲ್ಲ. ಹಾಗೆಯೇ ಆಶಾ ಕಾರ್ಯಕರ್ತೆಯರ ಬಳಿ ಓಆರ್‌ಎಸ್ ಪೊಟ್ಟಣ ಮತ್ತು ಹದಿನಾಲ್ಕು ದಿನದ ಜಿಂಕ್ ಮಾತ್ರೆ ಎಂದೂ ಮುಗಿಯದಂತೆ ನೋಡಿಕೊಳ್ಳಬೇಕು. ಮಕ್ಕಳ ಸಾಮಾನ್ಯ ಭೇದಿಗೆ ಬೇಕಾದ ಮದ್ದು ಅದೇ.

ಅದಾದ ಮೇಲೆ ಕಾನೂನು. ಖಾಸಗಿ ವೈದ್ಯಕೀಯ ಸಂಸ್ಥೆಗಳ ಕಾಯ್ದೆಯಡಿ ಜಿಲ್ಲಾ ನೋಂದಣಿ ಮತ್ತು ಕುಂದುಕೊರತೆ ಪ್ರಾಧಿಕಾರಕ್ಕೆ ಜಿಲ್ಲಾಧಿಕಾರಿಗಳಾದ ತಾವೇ ಅಧ್ಯಕ್ಷರು. ಪದವಿಯಿಲ್ಲದೆ ಚಿಕಿತ್ಸೆ ಕೊಡುವವರನ್ನು ತಡೆಯುವ ಅಧಿಕಾರ ತಮ್ಮ ಕೈಯಲ್ಲೇ ಇದೆ. ಔಷಧ ನಿಯಂತ್ರಣ ಅಧಿಕಾರಿಗಳು ರಿಜಿಸ್ಟರಿನ ಪುಟ ಎಣಿಸುವ ಬದಲು, ಸಗಟು ವ್ಯಾಪಾರಿಯಿಂದ ಅಂಗಡಿಗೆ ಬಂದ ಬಾಟಲಿಗಳ ಸಂಖ್ಯೆಯನ್ನೂ ಚೀಟಿಗಳ ಸಂಖ್ಯೆಯನ್ನೂ ತಾಳೆ ನೋಡಿದರೆ ನಿಜ ತಾನಾಗಿ ಹೊರಬರುತ್ತದೆ. ಎಲ್ಲ ಅಂಗಡಿಗೂ ಒಂದೇ ದಿನದಿಂದ ಒಂದೇ ನಿಯಮ ಇರಲಿ. ನಾನೊಬ್ಬ ಕೊಡುವುದಿಲ್ಲ ಎಂದರೆ ಗಿರಾಕಿ ಎದುರಿನ ಅಂಗಡಿಗೆ ಹೋಗುತ್ತಾರೆ, ಕೊಡುವುದನ್ನು ನಿಲ್ಲಿಸಿದ ಮೇಲೆ ನನಗೆ ಅದರ ಅನುಭವವಾಗಿದೆ. ಪಕ್ಕದ ಕೇರಳದಲ್ಲಿ 2024ರ ಜನವರಿಯಲ್ಲಿ ‘ಆಪರೇಷನ್ ಅಮೃತ್’ ಎಂಬ ಹೆಸರಿನಲ್ಲಿ ಚೀಟಿಯಿಲ್ಲದ ಮಾರಾಟದ ಮೇಲೆ ಕಾರ್ಯಾಚರಣೆ ಶುರುವಾಯಿತು. ಆಂಟಿಬಯೋಟಿಕ್‌ಗಳನ್ನು ನೀಲಿ ಲಕೋಟೆಯಲ್ಲಿ ಹಾಕಿ ಕೊಡುವ ಕ್ರಮವನ್ನೂ ಅವರು ತಂದರು. ಲಕೋಟೆಯ ಬಣ್ಣ ನೋಡಿಯೇ ಓದು ಬಾರದವರಿಗೂ ಇದು ಬೇರೆ ಬಗೆಯ ಔಷಧಿ ಎಂದು ತಿಳಿಯುತ್ತದೆ. ಮಂಡ್ಯದಲ್ಲಿ ಇದನ್ನು ಮಾಡಲು ದೊಡ್ಡ ಖರ್ಚೇನೂ ಬೇಕಿಲ್ಲ, ಲಕೋಟೆಯ ಮೇಲೆ ಕನ್ನಡದಲ್ಲಿ ಎರಡು ಸಾಲು ಅಚ್ಚು ಹಾಕಿಸಿದರೆ ಸಾಕು.

ಕರುಳಿನ ಬ್ಯಾಕ್ಟೀರಿಯಾಗಳ ಹೆಸರಿನಲ್ಲಿ ಈಗ ಬೆಳೆಯುತ್ತಿರುವ ಇನ್ನೊಂದು ವ್ಯಾಪಾರದ ಬಗ್ಗೆಯೂ ಎಚ್ಚರಿಸಬೇಕು. ಆಂಟಿಬಯೋಟಿಕ್ ಜೊತೆಗೆ ಪ್ರೋಬಯಾಟಿಕ್, ಅಂದರೆ ಒಳ್ಳೆಯ ಜೀವಂತ ಬ್ಯಾಕ್ಟೀರಿಯಾಗಳನ್ನು ತುಂಬಿದ ಪೊಟ್ಟಣವೊಂದನ್ನು ಸೇರಿಸಿ ಕೊಟ್ಟರೆ ಲೆಕ್ಕ ಸರಿಹೋಯಿತು ಎಂಬ ನಂಬಿಕೆ ವೈದ್ಯರಲ್ಲೂ ಅಂಗಡಿಯವರಲ್ಲೂ ಇದೆ. ಇಸ್ರೇಲಿನಲ್ಲೇ 2018ರಲ್ಲಿ ನಡೆದ ಸಣ್ಣ ಪ್ರಯೋಗವೊಂದರಲ್ಲಿ, ಆಂಟಿಬಯೋಟಿಕ್ ಬಳಿಕ ಪ್ರೋಬಯಾಟಿಕ್ ತೆಗೆದುಕೊಂಡವರ ಸ್ವಂತ ಕರುಳಿನ ಜೀವಿಗಳು, ಏನನ್ನೂ ತೆಗೆದುಕೊಳ್ಳದವರಿಗಿಂತ ನಿಧಾನವಾಗಿ ಮರಳಿದವು. ಎಲ್ಲ ಪ್ರೋಬಯಾಟಿಕ್ಕೂ ನಿರುಪಯೋಗಿ ಎಂದು ಇದರಿಂದ ತೀರ್ಮಾನಿಸುವುದೂ ತಪ್ಪು. ಒಡಿಶಾದ ಹಳ್ಳಿಗಳಲ್ಲಿ 4,556 ನವಜಾತ ಶಿಶುಗಳ ಮೇಲೆ ನಡೆದು 2017ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ, ಲ್ಯಾಕ್ಟೊಬ್ಯಾಸಿಲಸ್ ಪ್ಲಾಂಟರಮ್‌ನ ನಿರ್ದಿಷ್ಟ ತಳಿಯೊಂದನ್ನು ಅದಕ್ಕೆ ಆಹಾರವಾಗುವ ಸಕ್ಕರೆಯೊಡನೆ ಏಳು ದಿನ ಕೊಟ್ಟಾಗ, ರಕ್ತದ ನಂಜು ಅಥವಾ ಸಾವಿನ ಪ್ರಮಾಣ ಶೇ 9ರಿಂದ ಶೇ 5.4ಕ್ಕೆ ಇಳಿಯಿತು. ನಮ್ಮ ದೇಶದ ಬಡ ಹಳ್ಳಿಗಳಲ್ಲಿ, ಎದೆಹಾಲು ಕುಡಿಯುವ ಕೂಸುಗಳಲ್ಲಿ ದೊರೆತ ಫಲ ಇದು. ವರ್ಷಗಟ್ಟಲೆ ಹುಡುಕಿ ಆರಿಸಿದ ಒಂದು ತಳಿಗೂ, ಕಂಪನಿಯ ಪ್ರತಿನಿಧಿ ತಂದು ನನ್ನ ಮೇಜಿನ ಮೇಲೆ ಸುರಿಯುವ ಹತ್ತು ಬಣ್ಣದ ಪೊಟ್ಟಣಗಳಿಗೂ ವ್ಯತ್ಯಾಸವಿದೆ. ಆ ವ್ಯತ್ಯಾಸವನ್ನು ಜನರಿಗೆ ಹೇಳಬೇಕಾದದ್ದು ಆರೋಗ್ಯ ಇಲಾಖೆ.

ಕರುಳಿನ ಜೀವಿಗಳನ್ನು ಉಳಿಸಿಕೊಳ್ಳಲು ಎಲ್ಲಕ್ಕಿಂತ ಅಗ್ಗದ ದಾರಿ ನಮ್ಮ ಜಿಲ್ಲೆಯ ಅಡುಗೆಮನೆಯಲ್ಲೇ ಇದೆ. ರಾಷ್ಟ್ರೀಯ ಪೋಷಣಾ ಸಂಸ್ಥೆಯ 2017ರ ಕೋಷ್ಟಕದ ಪ್ರಕಾರ 100 ಗ್ರಾಂ ರಾಗಿಯಲ್ಲಿ ಸುಮಾರು 11 ಗ್ರಾಂ ನಾರಿದ್ದರೆ, ಪಾಲಿಷ್ ಮಾಡಿದ ಅಕ್ಕಿಯಲ್ಲಿ ಇರುವುದು 3 ಗ್ರಾಂಗಿಂತ ಕಡಿಮೆ. ಮಂಡ್ಯದ ಕೃಷಿ ಸಂಶೋಧನಾ ಕೇಂದ್ರವಾದ ವಿ.ಸಿ. ಫಾರಂನಲ್ಲಿ ತಳಿ ವಿಜ್ಞಾನಿ ರಾಗಿ ಲಕ್ಷ್ಮಣಯ್ಯನವರು ಭಾರತದ ಮತ್ತು ಆಫ್ರಿಕಾದ ತಳಿಗಳನ್ನು ಕೂಡಿಸಿ ಇಂಡಾಫ್ ತಳಿಗಳನ್ನು ಕೊಟ್ಟದ್ದು ರೈತನ ಇಳುವರಿಗಾಗಿ. ಆ ರಾಗಿ ಕರುಳಿನ ಬ್ಯಾಕ್ಟೀರಿಯಾಗಳಿಗೂ ಕಣಜವಾಗುತ್ತದೆ. ಮುದ್ದೆಯ ಜೊತೆಗಿನ ಬಸ್ಸಾರು, ಮಸ್ಸೊಪ್ಪು, ಹುರುಳಿ, ಅವರೆ, ಅಲಸಂದೆಗಳಲ್ಲಿ ಒಂದೊಂದರ ನಾರೂ ಒಂದೊಂದು ಬಗೆಯದು, ಒಂದೊಂದನ್ನು ಉಣ್ಣುವ ಜೀವಿಗಳೂ ಬೇರೆ ಬೇರೆ. ಢಾಕಾದ ಕೊಳೆಗೇರಿಯಲ್ಲಿ ಅಪೌಷ್ಟಿಕತೆಯಿಂದ ಬಳಲುತ್ತಿದ್ದ 12ರಿಂದ 18 ತಿಂಗಳ ಮಕ್ಕಳಿಗೆ, ಕರುಳಿನ ಜೀವಿಗಳನ್ನು ಸರಿಪಡಿಸಲೆಂದೇ ಕಡಲೆ, ಸೋಯಾ, ಕಡಲೆಕಾಯಿ, ಬಾಳೆಕಾಯಿಗಳಿಂದ ತಯಾರಿಸಿದ ಆಹಾರವನ್ನು ಕೊಟ್ಟು ನೋಡಿದರು. ಅದರಲ್ಲಿ ಮಾಮೂಲಿ ಪೂರಕ ಆಹಾರಕ್ಕಿಂತ ಕಡಿಮೆ ಕ್ಯಾಲೊರಿಯಿದ್ದರೂ ಮಕ್ಕಳ ಬೆಳವಣಿಗೆ ಹೆಚ್ಚು ಚೆನ್ನಾಗಿತ್ತು ಎಂದು 2021ರಲ್ಲಿ ಪ್ರಕಟವಾಗಿದೆ. ಆ ಪಟ್ಟಿಯಲ್ಲಿ ನಮ್ಮ ಸಂತೆಯಲ್ಲಿ ಸಿಗದ್ದು ಯಾವುದೂ ಇಲ್ಲ. ಕಡಲೆಕಾಯಿ ಹಿಟ್ಟು, ಕಡಲೆ ಹಿಟ್ಟು ಸೇರಿಸಿ ಮಕ್ಕಳಿಗೆ ಪೌಷ್ಟಿಕ ಆಹಾರ ಮಾಡುವುದನ್ನು ಮೈಸೂರಿನ ಸಿಎಫ್‌ಟಿಆರ್‌ಐ ದಶಕಗಳ ಹಿಂದೆಯೇ ತೋರಿಸಿಕೊಟ್ಟಿದೆ. ನಲವತ್ತೈದು ಕಿಲೋಮೀಟರ್ ದೂರದಲ್ಲಿರುವ ಆ ಸಂಸ್ಥೆಯ ಆಹಾರ ವಿಜ್ಞಾನಿಗಳನ್ನೂ ಮಂಡ್ಯ ವೈದ್ಯಕೀಯ ವಿಜ್ಞಾನಗಳ ಸಂಸ್ಥೆಯ ಮಕ್ಕಳ ತಜ್ಞರನ್ನೂ ಒಂದು ಮೇಜಿಗೆ ಕರೆದು, ಜಿಲ್ಲೆಯ ಅಂಗನವಾಡಿಗಳ ಊಟದ ಪಟ್ಟಿಯನ್ನು ಈ ದೃಷ್ಟಿಯಿಂದ ಒಮ್ಮೆ ನೋಡಿಸುವುದು ಜಿಲ್ಲಾಡಳಿತಕ್ಕೆ ಕಷ್ಟದ ಕೆಲಸವಲ್ಲ.

ನಾನು ಚೀಟಿಯಿಲ್ಲದೆ ಆಂಟಿಬಯೋಟಿಕ್ ಕೊಡುವುದನ್ನು ನಿಲ್ಲಿಸಿ ಮೂರು ವರ್ಷವಾಯಿತು. ಅಂಗಡಿಯ ವ್ಯಾಪಾರ ಇಳಿದಿರುವುದು ನಿಜ, ಮುಳುಗಿಲ್ಲ. ಕೌಂಟರಿನ ಮೇಲೆ ಓಆರ್‌ಎಸ್ ಕಲಸುವ ವಿಧಾನವನ್ನು ಬರೆದು ಅಂಟಿಸಿದ್ದೇನೆ, ಒಂದು ಲೀಟರ್ ಅಳತೆಯ ಪಾತ್ರೆಯನ್ನು ಪಕ್ಕದಲ್ಲೇ ಇಟ್ಟಿದ್ದೇನೆ. ಆ ಅಜ್ಜಿ ಈಗಲೂ ಬರುತ್ತಾರೆ. ಮೊಮ್ಮಗಳನ್ನು ಶಾಲೆಗೆ ಸೇರಿಸಿದ್ದಾರೆ. ಹೋದ ತಿಂಗಳು ಅವಳಿಗೆ ಕೆಮ್ಮು ಬಂದಾಗ ಇಬ್ಬರೂ ಅಂಗಡಿಯ ಮುಂದಿನ ಬೆಂಚಿನ ಮೇಲೆ ಕುಳಿತಿದ್ದರು. ನಾನು ಮರುದಿನ ಆಸ್ಪತ್ರೆಗೆ ತೋರಿಸಿ ಎಂದಾಗ ಅಜ್ಜಿ, “ನಾಳಿಕ್ಕೂ ಕೂಲಿ ಅದೆ ಕಣಣ್ಣ” ಎಂದರು. ಆ ಮಾತಿಗೆ ನನ್ನ ಬಳಿ ಉತ್ತರವಿರಲಿಲ್ಲ, ಅದಕ್ಕೇ ತಮಗೆ ಬರೆಯುತ್ತಿದ್ದೇನೆ.

ತಾಲ್ಲೂಕಿನ ಔಷಧ ವ್ಯಾಪಾರಿಗಳ, ವೈದ್ಯರ ಮತ್ತು ಆಶಾ ಕಾರ್ಯಕರ್ತೆಯರ ಸಭೆಯನ್ನು ತಾವು ಕರೆದರೆ, ನನ್ನ ಅಂಗಡಿಯ ಹತ್ತು ವರ್ಷದ ಖರೀದಿ ಬಿಲ್ಲುಗಳನ್ನೂ ರಿಜಿಸ್ಟರುಗಳನ್ನೂ, ಒಂದೇ ಪೆನ್ನಿನಲ್ಲಿ ತುಂಬಿದ ಹಳೆಯ ಪುಟಗಳ ಸಮೇತ, ನಾನೇ ತಂದು ಎಲ್ಲರ ಮುಂದೆ ಇಡುತ್ತೇನೆ. ಭಾನುವಾರ ಅಂಗಡಿಗೆ ರಜೆ. ಉಳಿದ ದಿನಗಳಾದರೆ ಮಧ್ಯಾಹ್ನ ಎರಡರ ಮೇಲೆ ಯಾವ ಹೊತ್ತಿಗೆ ಕರೆದರೂ ಬರುತ್ತೇನೆ.

ಇಂತಿ ತಮ್ಮ ವಿಶ್ವಾಸಿ,
ಒಬ್ಬ ನೋಂದಾಯಿತ ಫಾರ್ಮಸಿಸ್ಟ್
ಮದ್ದೂರು ತಾಲ್ಲೂಕು, ಮಂಡ್ಯ ಜಿಲ್ಲೆ